ಪಂಚಾಯಿತಿ ಖರೀದಿಗೂ ಡಿಗ್ರಿ ಹಿಡಿಯೋಣ

(ಆಲ್ದೂರಿನಲ್ಲಿ ಸೇರಿದ್ದ ಹಾಲು ಉತ್ಪಾದಕ ಸದಸ್ಯರ ಮುಂದೆ ಮಾಡಿದ ಭಾಷಣ. ಅಂದು ಬರಲಾಗದಿದ್ದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಕೊಡಲಾಗಿದೆ.)



ಬೆಳಗಿನ ಹಾಲು ಹಾಕಿ, ಕೊಟ್ಟಿಗೆ ಗುಡಿಸಿ, ಸೊಪ್ಪು ದರಗಿನ ಕೆಲಸವನ್ನು ಅರ್ಧಕ್ಕೆ ಬಿಟ್ಟು ಇಷ್ಟು ಜನ ಬಂದಿದ್ದೀರಿ. ಸಂಜೆ ಹಾಲು ಕರೆಯುವ ಹೊತ್ತಿಗೆ ನೀವು ಮನೆಯಲ್ಲಿರಬೇಕು ಎಂಬುದು ನನಗೆ ಗೊತ್ತಿದೆ. ಆದ್ದರಿಂದ ಹೇಳಬೇಕಾದ್ದನ್ನು ನೇರವಾಗಿ ಹೇಳುತ್ತೇನೆ.

ಇಂದಿನ ವಿಷಯ ಹಸುವಿನದಲ್ಲ, ಹಿಂಡಿಯದಲ್ಲ, ಕೆಚ್ಚಲು ಬಾವಿನದೂ ಅಲ್ಲ. ನಮ್ಮ ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳು ನಮ್ಮ ಹೆಸರಿನಲ್ಲಿ, ನಮ್ಮ ಹಣದಲ್ಲಿ ಮಾಡುವ ಖರೀದಿಯನ್ನು ನಾವು ಹೇಗೆ ನೋಡಿಕೊಳ್ಳಬೇಕು ಎಂಬುದೇ ಇಂದಿನ ಮಾತು. ಹಾಲಿನ ಸಭೆಯಲ್ಲಿ ಇದೇಕೆ ಎಂದು ಕೆಲವರಿಗೆ ಅನಿಸಬಹುದು. ಏಕೆ ಎಂಬುದಕ್ಕೆ ನನ್ನ ಊರಿನಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ.

ಒಂದು ಮೋರಿಯ ಕಥೆ

ನಮ್ಮೂರಿನ ಡೈರಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ ಇದೆ. ಬೇಸಿಗೆಯಲ್ಲಿ ಅದರಲ್ಲಿ ಮೊಣಕಾಲು ನೀರೂ ಇರುವುದಿಲ್ಲ. ಆಷಾಢದ ಮಳೆಯಲ್ಲಿ ಅದರ ಸದ್ದು ಅರ್ಧ ಮೈಲಿ ದೂರಕ್ಕೆ ಕೇಳುತ್ತದೆ. ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಕೊನೆಯಲ್ಲಿ ಪಂಚಾಯಿತಿಯಿಂದ ಆ ಹಳ್ಳಕ್ಕೆ ಹ್ಯೂಮ್ ಪೈಪ್ ಹಾಕಿ ಮೋರಿ ಕಟ್ಟಿದರು. ಲಾರಿಯಿಂದ ಪೈಪ್ ಇಳಿಸುವಾಗ ಊರಿನವರೆಲ್ಲ ನಿಂತು ನೋಡಿದೆವು. ಮಕ್ಕಳು ನಾಲ್ಕು ದಿನ ಪೈಪಿನೊಳಗೆ ಆಟ ಆಡಿದರು. ಮೋರಿ ಆಯಿತು, ಮೇಲೆ ಮಣ್ಣು ಬಿತ್ತು, ಹಾಲಿನ ವ್ಯಾನ್ ಡೈರಿಯ ಬಾಗಿಲಿಗೇ ಬಂತು. ಸಂತೋಷಪಟ್ಟೆವು.

ಮೊದಲ ಮಳೆಗಾಲ ಹೇಗೋ ಕಳೆಯಿತು. ಎರಡನೇ ವರ್ಷದ ಮಳೆಗೆ ಪೈಪಿನ ಬಾಯಿ ಸಾಲದೆ ನೀರು ರಸ್ತೆಯ ಮೇಲೆ ಹತ್ತಿತು. ಒಂದು ರಾತ್ರಿಯಲ್ಲಿ ಮೋರಿ ಕೊಚ್ಚಿಕೊಂಡು ಹೋಯಿತು. ಹನ್ನೊಂದು ದಿನ ವ್ಯಾನ್ ಬರಲಿಲ್ಲ. ಗಂಡಸರು ಕ್ಯಾನ್ ಹೊತ್ತು ಮೇಲಿನ ಕಾಲುಸಂಕ ದಾಟಿಸಿದ ದಿನ ಒಂದಿಷ್ಟು ಹಾಲು ಹೋಯಿತು. ಉಳಿದ ದಿನ ಹಾಲು ಮನೆಯಲ್ಲೇ ಒಡೆಯಿತು, ಇಲ್ಲವೇ ಕರುವಿಗೆ ಹೋಯಿತು.

ಆಗ ನಾನು ಸಂಘದ ನಿರ್ದೇಶಕನಾಗಿದ್ದೆ. ನಮ್ಮ ಪಕ್ಕದ ಮನೆಯ ಅಕ್ಕನೊಬ್ಬರು ಒಂದೇ ಹಸು ಕಟ್ಟಿಕೊಂಡು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದರು. ವಾರದ ಬಟವಾಡೆಯ ದಿನ ಅವರ ಪುಸ್ತಕದಲ್ಲಿ ಸೊನ್ನೆ ಇತ್ತು. ಅವರು ನನ್ನ ಮೇಲೆ ರೇಗಲಿಲ್ಲ. ಇಷ್ಟು ಕೇಳಿದರು: "ನನ್ನ ಹಾಲಿಗೆ ದಿನಾ ಡಿಗ್ರಿ ಹಿಡೀತೀರಲ್ಲ ಅಣ್ಣ, ಈ ಮೋರಿಗೆ ಯಾಕೆ ಯಾರೂ ಹಿಡೀಲಿಲ್ಲ?"

ನನ್ನ ಬಳಿ ಉತ್ತರ ಇರಲಿಲ್ಲ. ಮರುದಿನ ಪಂಚಾಯಿತಿ ಕಚೇರಿಗೆ ಹೋಗಿ ಕಡತ ತೋರಿಸಿ ಎಂದು ಕೇಳಿದೆ. ಎರಡು ಸಲ ನಾಳೆ ಬನ್ನಿ ಎಂದರು, ಮೂರನೇ ಸಲ ತೋರಿಸಿದರು. ಅಂದಾಜು ಪಟ್ಟಿಯಲ್ಲಿ ಮೂರು ಅಡಿ ಬಾಯಿಯ ಪೈಪ್ ಎಂದಿತ್ತು. ಬಿಲ್ಲಿನಲ್ಲೂ ಮೂರು ಅಡಿ. ಅಳತೆ ಪುಸ್ತಕದಲ್ಲೂ ಮೂರು ಅಡಿ. ಹಳ್ಳದಲ್ಲಿ ಒಡೆದು ಬಿದ್ದಿದ್ದ ಪೈಪಿಗೆ ನಾನೇ ಟೇಪು ಹಿಡಿದು ನೋಡಿದೆ. ಎರಡೇ ಅಡಿ. ಒಂದಡಿ ತಾನೇ ಎನ್ನಬೇಡಿ. ಪೈಪಿನ ಅಗಲ ಮೂರರಿಂದ ಎರಡು ಅಡಿಗೆ ಇಳಿದರೆ ನೀರು ಹೋಗುವ ಜಾಗ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ಇದರಲ್ಲಿ ನನ್ನ ತಪ್ಪೂ ಇದೆ. ಮೋರಿ ಕಟ್ಟಿದ ವರ್ಷವೇ ಆಗಸ್ಟ್ ಕೊನೆಯಲ್ಲಿ ಪಂಚಾಯಿತಿಯಲ್ಲಿ ಜಮಾಬಂದಿ ನಡೆದಿತ್ತು. ಡಂಗುರ ಸಾರಿದ್ದರು, ಚೀಟಿಯನ್ನೂ ಅಂಟಿಸಿದ್ದರು. ಗದ್ದೆಯಲ್ಲಿ ನಾಟಿ ಮುಗಿದಿರಲಿಲ್ಲ, ನಾನು ಹೋಗಲಿಲ್ಲ. ನಮ್ಮೂರಿನಿಂದ ಯಾರೂ ಹೋಗಲಿಲ್ಲ. ಕಡತದಲ್ಲಿ "ಸಾರ್ವಜನಿಕರಿಂದ ಆಕ್ಷೇಪಣೆ ಇಲ್ಲ" ಎಂದು ಬರೆದಿತ್ತು. ಅದು ಸುಳ್ಳಲ್ಲ. ಆಕ್ಷೇಪಣೆ ಮಾಡಬೇಕಾದವರು ನಾಟಿ ಗದ್ದೆಯಲ್ಲಿದ್ದೆವು.

ಯೋಚಿಸಿ ನೋಡಿ. ಪೈಪ್ ಇಳಿಯುವುದನ್ನು ನೂರು ಜನ ಕಣ್ಣಾರೆ ಕಂಡೆವು, ಆದರೆ ಕಾಗದದಲ್ಲಿ ಎಷ್ಟು ಅಡಿ ಎಂದಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಲೆಕ್ಕ ತಪಾಸಣೆಗೆ ಬಂದ ಅಧಿಕಾರಿಗಳು ಕಾಗದ ಕಂಡರು, ಆದರೆ ಹಳ್ಳದ ತನಕ ಬಂದು ಪೈಪ್ ಕಾಣಲಿಲ್ಲ. ಪೈಪ್ ಕಂಡವರು ಕಾಗದ ಕಾಣಲಿಲ್ಲ, ಕಾಗದ ಕಂಡವರು ಪೈಪ್ ಕಾಣಲಿಲ್ಲ. ಸಾರ್ವಜನಿಕ ಖರೀದಿಯಲ್ಲಿ ನಡೆಯುವ ಬಹುಪಾಲು ಮೋಸ ಈ ಎರಡರ ನಡುವಿನ ಸಂದಿಯಲ್ಲೇ ನಡೆಯುತ್ತದೆ. ಆ ಸಂದಿಯನ್ನು ಮುಚ್ಚುವುದು ಹೇಗೆ ಎಂಬುದಷ್ಟೇ ನನ್ನ ಇಂದಿನ ಮಾತು.

ನಮಗೆ ಇದು ಹೊಸದಲ್ಲ

ನಿಮ್ಮ ಡೈರಿಯಲ್ಲಿ ಏನು ನಡೆಯುತ್ತದೆ? ನೀವು ಹಾಲು ತಂದ ಕೂಡಲೇ ಅಳತೆ. ಆಮೇಲೆ ಲ್ಯಾಕ್ಟೋಮೀಟರ್. ಆಮೇಲೆ ಫ್ಯಾಟ್. ಶೇ 3.5 ಫ್ಯಾಟ್, ಶೇ 8.5 ಎಸ್.ಎನ್.ಎಫ್. ಎಂಬುದು ಎಲ್ಲರಿಗೂ ಬಾಯಿಪಾಠ. ಬಂದ ಅಂಕಿಯನ್ನು ನಿಮ್ಮೆದುರೇ ನಿಮ್ಮ ಪುಸ್ತಕದಲ್ಲಿ ಬರೆಯಬೇಕು. ಬರೆದದ್ದು ಸರಿಯಿಲ್ಲ ಎನಿಸಿದರೆ ಅಲ್ಲೇ ನಿಂತು ಕೇಳುತ್ತೀರಿ. ವಸ್ತು, ಅಳತೆ, ಕಾಗದ, ಮಾಲೀಕ, ಈ ನಾಲ್ಕೂ ಒಂದೇ ಕಡೆ, ಒಂದೇ ಹೊತ್ತಿನಲ್ಲಿ ಇರುತ್ತವೆ. ಅದಕ್ಕೇ ನಮ್ಮ ಸಹಕಾರ ಸಂಘಗಳು ಇಷ್ಟು ವರ್ಷ ನಿಂತಿವೆ.

ಹತ್ತು ಲೀಟರ್ ಹಾಲಿಗೆ ಇಷ್ಟು ಜಾಗ್ರತೆ ಮಾಡುವ ನಾವು ಲಕ್ಷಗಟ್ಟಲೆಯ ಪಂಚಾಯಿತಿ ಖರೀದಿಗೆ ಬೆನ್ನು ತಿರುಗಿಸಿ ಕೂರುತ್ತೇವೆ. ಬೀದಿದೀಪ, ಕುಡಿಯುವ ನೀರಿನ ಪೈಪು, ಪಂಪ್‌ಸೆಟ್, ಮೋಟಾರ್ ರಿಪೇರಿ, ಬ್ಲೀಚಿಂಗ್ ಪುಡಿ, ಸಿಮೆಂಟು, ಶಾಲೆಯ ಬೆಂಚು, ಕಸದ ಬುಟ್ಟಿ, ಇವೆಲ್ಲ ಖರೀದಿಯೇ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿದ್ದರು. ಎಂದರೆ ಪೈಪು, ಮೋಟಾರು, ಟ್ಯಾಂಕು. ನಮ್ಮ ಮನೆಯವರು ಕುಡಿಯುವ ನೀರು, ನಮ್ಮ ಹಸು ಕುಡಿಯುವ ನೀರು ಈ ಖರೀದಿಯನ್ನೇ ನೆಚ್ಚಿಕೊಂಡಿದೆ. ನಮ್ಮ ಹಾಲು ಮಲೆನಾಡಿನ ತಿರುವು ರಸ್ತೆಗಳಲ್ಲಿ ಇಳಿದು ದೂರದ ಡೈರಿ ಮುಟ್ಟಬೇಕಾದರೆ ನಡುವೆ ಎಷ್ಟು ಮೋರಿ ಇವೆ ಎಂದು ಲೆಕ್ಕ ಹಾಕಿ.

ಒಂದು ಖರೀದಿ, ನಾಲ್ಕು ಕಾಗದ

ಖರೀದಿಯ ಕಡತ ಎಂದರೆ ಹೆದರಬೇಕಾಗಿಲ್ಲ. ಎಷ್ಟೇ ದಪ್ಪ ಇದ್ದರೂ ಅದರಲ್ಲಿ ನಾವು ನೋಡಬೇಕಾದ್ದು ನಾಲ್ಕೇ ಕಾಗದ.

ಮೊದಲನೆಯದು ಅಂದಾಜು ಪಟ್ಟಿ. ಏನು ಬೇಕು, ಎಷ್ಟು ಬೇಕು, ಯಾವ ಗುಣಮಟ್ಟದ್ದು, ಎಷ್ಟು ಬೆಲೆಯಾಗಬಹುದು ಎಂಬುದು ಇದರಲ್ಲಿರುತ್ತದೆ. ನಮ್ಮ ಮೋರಿಯ "ಮೂರು ಅಡಿ" ಇದ್ದದ್ದು ಇಲ್ಲಿ.

ಎರಡನೆಯದು ಟೆಂಡರ್ ಅಥವಾ ದರಪಟ್ಟಿ, ನಾವು ಕೊಟೇಶನ್ ಎನ್ನುತ್ತೇವಲ್ಲ ಅದು. ಯಾರು ಯಾರು ಎಷ್ಟೆಷ್ಟು ದರ ಹೇಳಿದರು, ಯಾರಿಗೆ ಕೊಟ್ಟರು, ಏಕೆ ಕೊಟ್ಟರು ಎಂಬುದಕ್ಕೆ ಇದು ಸಾಕ್ಷಿ. ಮೂರು ಅಂಗಡಿಯ ಮೂರು ಕೊಟೇಶನ್ ಒಂದೇ ಕೈಬರಹದಲ್ಲಿದ್ದರೆ, ಮೂರರಲ್ಲೂ ಒಂದೇ ಅಕ್ಷರ ತಪ್ಪಿದ್ದರೆ, ಅಲ್ಲಿ ಮೂರು ಅಂಗಡಿ ಇಲ್ಲ, ಒಂದೇ ಇದೆ ಎಂದು ಅನುಮಾನಿಸಿ ಕೇಳಬಹುದು.

ಮೂರನೆಯದು ವಸ್ತು ಬಂದದ್ದರ ದಾಖಲೆ. ಸಾಮಾನಾದರೆ ದಾಸ್ತಾನು ವಹಿ, ಕಾಮಗಾರಿಯಾದರೆ ಅಳತೆ ಪುಸ್ತಕ. ಐವತ್ತು ಬಲ್ಬು ಬಂತು ಎಂದು ವಹಿಯಲ್ಲಿದ್ದರೆ, ಯಾವ ಯಾವ ಕಂಬಕ್ಕೆ ಹಾಕಿದರು ಎಂಬುದೂ ಇರಬೇಕು. ಕಂಬ ಎಣಿಸಲು ಇಂಜಿನಿಯರ್ ಬೇಕಿಲ್ಲ.

ನಾಲ್ಕನೆಯದು ಬಿಲ್ಲು ಮತ್ತು ವೋಚರ್. ಹಣ ಯಾರ ಖಾತೆಗೆ, ಎಷ್ಟು, ಯಾವ ದಿನ ಹೋಯಿತು ಎಂಬುದು ಇದರಲ್ಲಿದೆ. ಕೆಲಸ ಮುಗಿಯುವ ಮೊದಲೇ ಹಣ ಹೋಗಿದ್ದರೆ ಇಲ್ಲಿ ಗೊತ್ತಾಗುತ್ತದೆ.

ಈ ನಾಲ್ಕು ಕಾಗದ ಮತ್ತು ಸ್ಥಳದಲ್ಲಿರುವ ವಸ್ತು, ಐದೂ ಒಂದೇ ಮಾತು ಹೇಳಬೇಕು. ಒಂದು ಬೇರೆ ಹೇಳಿದರೆ ಅಲ್ಲಿ ಕೇಳಬೇಕು.

ವಸ್ತು ನೋಡುವುದನ್ನೂ ಕಲಿಯಬೇಕು. ಬ್ಲೀಚಿಂಗ್ ಪುಡಿಯನ್ನೇ ತೆಗೆದುಕೊಳ್ಳಿ. ಹೊಸ ಪುಡಿಯಲ್ಲಿ ಸುಮಾರು ಶೇ 33 ಕ್ಲೋರಿನ್ ಇರುತ್ತದೆ. ಚೀಲ ಬಾಯಿ ತೆರೆದು ಥಂಡಿಯಲ್ಲಿ ಬಿದ್ದಿದ್ದರೆ ಅದು ದಿನೇ ದಿನೇ ಇಳಿಯುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹೇಳಲೇಬೇಕಾಗಿಲ್ಲ. ಮೂಗಿಗೆ ಘಾಟು ಹೊಡೆಯದೆ ಗಂಟುಕಟ್ಟಿದ ಪುಡಿಯನ್ನು ಟ್ಯಾಂಕಿಗೆ ಹಾಕಿದರೆ ಲೆಕ್ಕದಲ್ಲಿ ನೀರು ಶುದ್ಧ, ಹೊಟ್ಟೆಯಲ್ಲಿ ಭೇದಿ. ಸಿಮೆಂಟಿನ ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಪೈಪಿನ ಮೇಲೆ ಐ.ಎಸ್.ಐ. ಗುರುತು ಇರುತ್ತದೆ. ಒಂದೇ ಮೋಟಾರಿಗೆ ವರ್ಷದಲ್ಲಿ ನಾಲ್ಕು ಸಲ ವೈಂಡಿಂಗ್ ಬಿಲ್ಲು ಬಂದಿದ್ದರೆ, ಆ ನಾಲ್ಕೂ ಸಲ ನಲ್ಲಿ ನಿಂತಿತ್ತೇ ಎಂಬುದು ನೀರಿಗೆ ಕೊಡ ಹಿಡಿದು ಕಾದ ಹೆಂಗಸರಿಗೆ ಗೊತ್ತಿರುತ್ತದೆ, ಅಧಿಕಾರಿಗೆ ಅಲ್ಲ.

ಕಾಯ್ದೆ ಏನು ಹೇಳುತ್ತದೆ

ನಮ್ಮ ರಾಜ್ಯದಲ್ಲಿ ಇದಕ್ಕಾಗಿಯೇ ಒಂದು ಕಾಯ್ದೆ ಇದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಅದು 2000ದ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಸರ್ಕಾರಿ ಇಲಾಖೆಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಇದರ ತಿರುಳು ಇಷ್ಟೇ: ಖರೀದಿ ಟೆಂಡರ್ ಮೂಲಕ ಆಗಬೇಕು, ಟೆಂಡರ್ ವಿಷಯ ಎಲ್ಲರಿಗೂ ತಿಳಿಯುವಂತೆ ಟೆಂಡರ್ ಬುಲೆಟಿನ್‌ನಲ್ಲಿ ಬರಬೇಕು, ದರ ಹೇಳಲು ಸಾಕಷ್ಟು ದಿನ ಕೊಡಬೇಕು, ಮೊದಲೇ ಬರೆದಿಟ್ಟ ಷರತ್ತುಗಳ ಪ್ರಕಾರವೇ ಆರಿಸಬೇಕು. ಅನ್ಯಾಯವಾಯಿತು ಎನ್ನುವ ಟೆಂಡರುದಾರರಿಗೆ ಮೇಲ್ಮನವಿಯ ದಾರಿಯೂ ಇದೆ. 2007ರ ಹೊತ್ತಿಗೆ ಕಂಪ್ಯೂಟರ್ ಮೂಲಕ ಟೆಂಡರ್ ಹಾಕುವ ಇ-ಪ್ರೊಕ್ಯೂರ್‌ಮೆಂಟ್ ಪದ್ಧತಿ ಬಂತು. ಟೆಂಡರ್ ಪೆಟ್ಟಿಗೆಯ ಬಳಿ ಒಬ್ಬರು ಇನ್ನೊಬ್ಬರನ್ನು ತಡೆದು ನಿಲ್ಲಿಸುವ ಕಾಲ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಸಣ್ಣ ಮೊತ್ತದ ಖರೀದಿಗೆ ಟೆಂಡರಿನಿಂದ ವಿನಾಯಿತಿ ಇದೆ. ಆ ಮಿತಿಯನ್ನು ಕಾಲಕಾಲಕ್ಕೆ ತಿದ್ದಿದ್ದಾರೆ. ವಿನಾಯಿತಿ ಬೇಕಾದ್ದೇ. ಒಡೆದ ನಲ್ಲಿಗೆ ವಾಷರ್ ತರಲು ಟೆಂಡರ್ ಕರೆದು ಕೂರಲಾಗುವುದಿಲ್ಲ. ಆದರೆ ಇಲ್ಲೇ ಒಂದು ಕಳ್ಳದಾರಿಯೂ ಇದೆ. ದೊಡ್ಡ ಕೆಲಸವನ್ನು ಮಿತಿಯೊಳಗೆ ಬರುವಂತೆ ನಾಲ್ಕು ತುಂಡು ಮಾಡಿ, ತುಂಡು ಗುತ್ತಿಗೆಯಾಗಿ ತಮಗೆ ಬೇಕಾದವರಿಗೆ ಹಂಚುವುದು. ಒಂದೇ ರಸ್ತೆಗೆ "ರಾಮನ ಮನೆಯಿಂದ ಭೀಮನ ಮನೆಯವರೆಗೆ", "ಭೀಮನ ಮನೆಯಿಂದ ಸೋಮನ ಮನೆಯವರೆಗೆ" ಎಂದು ಬೇರೆ ಬೇರೆ ಬಿಲ್ಲು ಕಂಡರೆ, ಏಕೆ ತುಂಡು ಮಾಡಿದಿರಿ ಎಂದು ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ಮಾತು. ಕಡಿಮೆ ದರ ಎಂದರೆ ಒಳ್ಳೆಯ ಖರೀದಿ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಹಾಗಲ್ಲ ಎಂಬುದಕ್ಕೆ ನಮ್ಮ ಹಾಲಿನ ಲೋಕದ್ದೇ ಉದಾಹರಣೆ ಇದೆ. ತಿರುಪತಿಯ ಲಡ್ಡುವಿಗೆ ನಮ್ಮ ನಂದಿನಿ ತುಪ್ಪ ಹೋಗುತ್ತಿತ್ತು. ಅತಿ ಕಡಿಮೆ ದರ ಹೇಳುವ ಪೈಪೋಟಿಯಲ್ಲಿ ನಾವು ನಿಲ್ಲಲಾರೆವು ಎಂದು 2023ರಲ್ಲಿ ಹಾಲು ಮಹಾಮಂಡಲ ಹೇಳಿತು. ಆಮೇಲೆ ಅಲ್ಲಿಗೆ ಕಿಲೋಗೆ 320 ರೂಪಾಯಿ ಆಸುಪಾಸಿನ ದರದಲ್ಲೂ ತುಪ್ಪ ಹೋಯಿತು. ನೀವೇ ಲೆಕ್ಕ ಹಾಕಿ. ಶೇ 3.5 ಫ್ಯಾಟ್ ಇರುವ ಹಾಲಾದರೆ ಒಂದು ಕಿಲೋ ತುಪ್ಪಕ್ಕೆ ಸುಮಾರು 28 ಲೀಟರ್ ಹಾಲು ಬೇಕು. ಕೆನೆ ತೆಗೆದ ಹಾಲಿಗೂ ಬೆಲೆ ಇದೆ ಎಂದು ಹಿಡಿದರೂ ಆ ದರದ ತುಪ್ಪದ ಬಗ್ಗೆ ಹಸು ಕಟ್ಟಿದ ಯಾರಿಗಾದರೂ ಅನುಮಾನ ಬರಬೇಕು. 2024ರ ಜುಲೈನಲ್ಲಿ ಮಾದರಿಗಳನ್ನು ಗುಜರಾತಿನ ಆನಂದ್‌ನಲ್ಲಿರುವ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯ ಪ್ರಯೋಗಾಲಯಕ್ಕೆ ಕಳಿಸಿದರು. ತುಪ್ಪದಲ್ಲಿ ಬೇರೆ ಕೊಬ್ಬು ಬೆರೆತಿರುವ ಸೂಚನೆ ವರದಿಯಲ್ಲಿ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತನಿಖೆಗೆ ವಿಶೇಷ ತಂಡ ನೇಮಿಸಿತು. ನಂದಿನಿ ತುಪ್ಪ ಮತ್ತೆ ತಿರುಪತಿಗೆ ಹೊರಟಿತು.

ಇದರಿಂದ ನಾವು ಕಲಿಯಬೇಕಾದ್ದು ಏನು? ಕೇಳಿದ ಗುಣಮಟ್ಟ ಕೊಡಬಲ್ಲವರಲ್ಲಿ ಕಡಿಮೆ ದರ ನೋಡಬೇಕು. ಗುಣ ಬಿಟ್ಟು ದರ ಮಾತ್ರ ನೋಡಿದರೆ ಎರಡಡಿ ಪೈಪು ಯಾವಾಗಲೂ ಮೂರಡಿ ಪೈಪಿಗಿಂತ ಅಗ್ಗ.

ನೋಡಿಕೊಳ್ಳುವವರು ಯಾರು?

ನಮ್ಮ ರಾಜ್ಯ ಪಂಚಾಯತ್ ರಾಜ್ಯಕ್ಕೆ ಹೆಸರಾದದ್ದು. 1987ರ ಚುನಾವಣೆಯ ನಂತರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು. ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊಡಿಸಿ "ನೀರ್ ಸಾಬ್" ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. 1993ರ ಕಾಯ್ದೆಯಿಂದ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ ಎಂಬ ಮೂರು ಹಂತಗಳಾದವು. ಜಿಲ್ಲಾ ಪಂಚಾಯಿತಿಯಲ್ಲಿ ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸ್ಥಾಯಿ ಸಮಿತಿ ಎಂದೇ ಒಂದು ಸಮಿತಿ ಇದೆ. ಚುನಾಯಿತ ಸದಸ್ಯರು ಕುಳಿತು ಖರ್ಚು ಕೇಳಲಿ ಎಂಬುದೇ ಅದರ ಉದ್ದೇಶ.

ಆದರೆ 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷ ವರ್ಷಗಳೇ ಚುನಾವಣೆ ಇಲ್ಲದೆ ಕಳೆದವು. ಆಡಳಿತಾಧಿಕಾರಿಗಳೇ ಎಲ್ಲವನ್ನೂ ನಡೆಸಿದರು. ಖರೀದಿ ಮಾಡುವವರೂ ಅಧಿಕಾರಿಗಳೇ, ಅದನ್ನು ನೋಡಿಕೊಳ್ಳುವವರೂ ಅಧಿಕಾರಿಗಳೇ. ನಾನು ಯಾವ ಅಧಿಕಾರಿಯ ಪ್ರಾಮಾಣಿಕತೆಯನ್ನೂ ಪ್ರಶ್ನಿಸುತ್ತಿಲ್ಲ. ಹಾಲು ಹಾಕುವವನೇ ಫ್ಯಾಟ್ ಬರೆದುಕೊಳ್ಳುವ ಡೈರಿಯನ್ನು ನೀವು ಒಪ್ಪುತ್ತೀರಾ ಎಂದಷ್ಟೇ ಕೇಳುತ್ತೇನೆ.

ಮೇಲಿನ ಕಣ್ಣು ಮುಚ್ಚಿದಾಗ ಕೆಳಗಿನ ಕಣ್ಣು ತೆರೆದಿರಬೇಕು. ಆ ಕಣ್ಣು ನಾವು.

ಜಮಾಬಂದಿಗೆ ಬನ್ನಿ

ಇದಕ್ಕೆ ಕಾನೂನಿನಲ್ಲೇ ಜಾಗ ಇದೆ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದರ ಜೊತೆಗೆ ವರ್ಷಕ್ಕೊಮ್ಮೆ ಜಮಾಬಂದಿ. ಜಮಾಬಂದಿ ಎಂಬ ಮಾತು ಹಳೆಯದು, ಕಂದಾಯದ ಲೆಕ್ಕ ನೋಡಲು ಅಧಿಕಾರಿಗಳು ಊರೂರಿಗೆ ಬರುತ್ತಿದ್ದ ಕಾಲದ್ದು. 2004ರ ನಿಯಮಗಳಿಂದ ಅದು ಪಂಚಾಯಿತಿಗಳಿಗೆ ಬಂತು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ, ಹಿಂದಿನ ಆರ್ಥಿಕ ವರ್ಷದ ಜಮಾ, ಖರ್ಚು, ಕಾಮಗಾರಿ, ಖರೀದಿಗಳನ್ನು ಊರಿನವರ ಮುಂದೆ ಇಟ್ಟು ತಾಳೆ ನೋಡಬೇಕು. ಕಾಗದ ನೋಡುವುದಷ್ಟೇ ಅಲ್ಲ, ಕಾಮಗಾರಿಯ ಸ್ಥಳಕ್ಕೂ ಹೋಗಿ ನೋಡಬೇಕು. ಗಮನಿಸಿ, ನಾನು ಮೊದಲು ಹೇಳಿದ ಸಂದಿಯನ್ನು ಮುಚ್ಚಲೆಂದೇ ಇದನ್ನು ಮಾಡಿದ್ದಾರೆ. ಕಾಗದ ಕಂಡವರೂ ಪೈಪ್ ಕಂಡವರೂ ಒಂದೇ ದಿನ ಒಂದೇ ಕಡೆ ನಿಲ್ಲಲಿ ಎಂದು.

ಆದರೆ ನಾವು ಹೋಗದಿದ್ದರೆ ಜಮಾಬಂದಿ ಎಂದರೆ ಅಧಿಕಾರಿಗಳು ಚಹಾ ಕುಡಿದು ಸಹಿ ಹಾಕಿ ಹೋಗುವ ಕಾರ್ಯಕ್ರಮ. ಹತ್ತು ಜನ ಹೋಗಿ ನಾಲ್ಕು ಪ್ರಶ್ನೆ ಕೇಳಿದರೆ ಅದೇ ಜಮಾಬಂದಿಗೆ ಬೇರೆ ಬಲ ಬರುತ್ತದೆ.

ಜಮಾಬಂದಿ ಕಳೆದುಹೋಗಿದ್ದರೂ ದಾರಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕೊಟ್ಟು ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಕಾಗದದ ನಕಲು ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಹಾಲಿನ ಸ್ಯಾಂಪಲ್ ಬಾಟಲಿ ನಮಗೆ ಗೊತ್ತು. ಸಿಮೆಂಟು ಮರಳಿಗೂ ಸ್ಯಾಂಪಲ್ ತೆಗೆಯಬಹುದು ಎಂದು ಕಾನೂನೇ ಹೇಳುತ್ತದೆ. ದೊಡ್ಡ ಅಕ್ರಮ ಕಂಡರೆ 1984ರ ಕಾಯ್ದೆಯಂತೆ ಲೋಕಾಯುಕ್ತಕ್ಕೆ ದೂರು ಕೊಡುವ ದಾರಿಯೂ ಇದೆ.

ಈ ಮಾಹಿತಿ ಹಕ್ಕು ದೆಹಲಿಯ ದೊಡ್ಡವರು ಕೂತು ಯೋಚಿಸಿ ಕೊಟ್ಟದ್ದಲ್ಲ. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್‌ಕಿರಾನಾ ಎಂಬ ಊರಿನಲ್ಲಿ 1994ರ ಡಿಸೆಂಬರ್‌ನಲ್ಲಿ ಕೂಲಿಕಾರರೂ ರೈತರೂ ಸೇರಿ ಒಂದು ಜನಸುನವಾಯಿ, ಎಂದರೆ ಜನರ ವಿಚಾರಣೆ ನಡೆಸಿದರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ, ಅರುಣಾ ರಾಯ್ ಮತ್ತು ಅವರ ಸಂಗಡಿಗರದ್ದು, ಅದನ್ನು ಏರ್ಪಡಿಸಿತ್ತು. ಅವರು ಮಾಡಿದ್ದು ಬಹಳ ಸರಳ. ಪಂಚಾಯಿತಿ ಕಾಮಗಾರಿಯ ಬಿಲ್ಲು, ಹಾಜರಿ ಪಟ್ಟಿಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಕಾಗದದಲ್ಲಿ ಇದ್ದದ್ದು ನಿಜವೇ ಎಂದು ಕೇಳಿದರು. ಜನ ಎದ್ದು ನಿಂತು ಉತ್ತರ ಕೊಟ್ಟರು. ಅಲ್ಲಿ ಓದಲು ಬಾರದವರೇ ಹೆಚ್ಚು. ಆದರೆ ತಾನು ಕೆಲಸ ಮಾಡಿದೆನೇ ಇಲ್ಲವೇ ಎಂದು ಹೇಳಲು ಓದು ಬೇಕಿಲ್ಲ. ಅಲ್ಲಿಂದ ಎದ್ದ ಚಳವಳಿ ಬೆಳೆದು ಹನ್ನೊಂದು ವರ್ಷದಲ್ಲಿ ಇಡೀ ದೇಶಕ್ಕೆ ಕಾಯ್ದೆಯಾಯಿತು.

ನಮ್ಮ ಮನೆಯ ಲೆಕ್ಕವೂ ಇದೆ

ಎಲ್ಲರ ಮನೆ ದೋಸೆಯೂ ತೂತೇ ಎಂಬ ಗಾದೆ ಇದೆ. ಪಂಚಾಯಿತಿಯ ಕಡೆ ಬೆರಳು ತೋರುವ ಮೊದಲು ನಮ್ಮ ಸಂಘದ ಖರೀದಿಯನ್ನೂ ನೋಡಿಕೊಳ್ಳಬೇಕು. ಪಶು ಆಹಾರದ ಚೀಲ, ಕ್ಯಾನು, ಪರೀಕ್ಷಾ ಯಂತ್ರ, ಕಟ್ಟಡದ ಸುಣ್ಣಬಣ್ಣ, ಇವೂ ಖರೀದಿಯೇ. ಸಹಕಾರ ಸಂಘಗಳ ಕಾಯ್ದೆಯಂತೆ ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ನಡೆಯಬೇಕು. ಮಹಾಸಭೆಗೆ ಬಂದು ಬೋನಸ್ ಎಷ್ಟು ಎಂದು ಮಾತ್ರ ಕೇಳಿ ಹೋಗಬೇಡಿ. ಲೆಕ್ಕಪತ್ರ ತೆರೆದು ಖರ್ಚಿನ ಬಾಬು ಓದಿಸಿ. ಸಂಘದ ಪದಾಧಿಕಾರಿಗಳೂ ಇದಕ್ಕೆ ಬೇಸರ ಮಾಡಿಕೊಳ್ಳಬಾರದು. ನಮ್ಮ ಮನೆಯ ಲೆಕ್ಕ ಬೆಳಕಿನಲ್ಲಿದ್ದರೆ ತಾನೇ ಪಕ್ಕದ ಮನೆಯ ಲೆಕ್ಕ ಕೇಳುವ ಧೈರ್ಯ ಬರುವುದು?

ನಾವು ಸರ್ಕಾರಕ್ಕೆ ಮಾರುವವರೂ ಹೌದು ಎಂಬುದನ್ನು ಮರೆಯಬೇಡಿ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದಲ್ಲಿ ಶಾಲೆಯ ಮಗುವಿಗೆ 150 ಮಿಲಿಲೀಟರ್ ಹಾಲು ಕೊಡಲು ಪುಡಿ ಹೋಗುವುದು ನಮ್ಮ ಮಹಾಮಂಡಲದಿಂದ. ಹಾಲು ಹೆಚ್ಚಾದ ತಿಂಗಳುಗಳಲ್ಲಿ ಆ ಖರೀದಿ ನಮ್ಮ ಬೆನ್ನಿಗೆ ನಿಂತಿದೆ. ಆ ಪುಡಿಯ ಪ್ಯಾಕೆಟ್ ಅಲ್ಲಲ್ಲಿ ಕಾಳಸಂತೆಗೆ ಹೋಗಿ ಸಿಕ್ಕಿಬಿದ್ದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಹಸುವಿನ ಕೆಚ್ಚಲಿನಿಂದ ನಾವು ಇಳಿಸಿದ ಹಾಲು ನಮ್ಮ ಮಗುವಿನ ಲೋಟಕ್ಕೆ ಬಂತೇ ಎಂದು ಶಾಲೆಯ ದಾಸ್ತಾನು ವಹಿ ನೋಡುವುದು ಎಸ್.ಡಿ.ಎಂ.ಸಿ. ಸದಸ್ಯರ ಕೆಲಸ. ನಿಮ್ಮಲ್ಲಿ ಎಷ್ಟೋ ಜನ ಆ ಸಮಿತಿಯಲ್ಲಿದ್ದೀರಿ.

ಕೇಳುವ ಬಗೆ

ಕೊನೆಯದಾಗಿ ಕೇಳುವ ಬಗೆಯ ಬಗ್ಗೆ ಎರಡು ಮಾತು. ಕೇಳುವುದೆಂದರೆ ಜಗಳವಲ್ಲ. ಅಧ್ಯಕ್ಷರೂ ಪಿ.ಡಿ.ಓ. ಅವರೂ ನಮ್ಮವರೇ. ಒಬ್ಬ ಪಿ.ಡಿ.ಓ. ಮೇಲೆ ಎಷ್ಟು ಕೆಲಸ ಬೀಳುತ್ತದೆ ಎಂದು ನಾನು ಕಂಡಿದ್ದೇನೆ. "ಕಳ್ಳ" ಎಂದು ಶುರುಮಾಡಿದರೆ ಕಡತ ಮುಚ್ಚಿಕೊಳ್ಳುತ್ತದೆ. "ಅಂದಾಜು ಪಟ್ಟಿ ತೋರಿಸಿ ಸ್ವಾಮಿ, ಸ್ಥಳಕ್ಕೆ ಹೋಗಿ ನೋಡೋಣ" ಎಂದರೆ ಪ್ರಾಮಾಣಿಕ ಅಧಿಕಾರಿಗೂ ಅದು ಬಲ. ಗುತ್ತಿಗೆದಾರ ಒತ್ತಡ ಹಾಕಿದಾಗ "ಜನ ಅಳತೆ ಹಿಡಿಯುತ್ತಾರೆ, ನನ್ನಿಂದ ಆಗುವುದಿಲ್ಲ" ಎಂದು ಹೇಳಲು ಅವರಿಗೂ ಒಂದು ಆಸರೆ ಬೇಕು.

ಒಬ್ಬರೇ ಹೋಗಬೇಡಿ, ನಾಲ್ವರು ಹೋಗಿ. ಹೆಣ್ಣುಮಕ್ಕಳು ಖಂಡಿತ ಹೋಗಿ, ನೀರಿನ ವಿಷಯ ಅವರಷ್ಟು ಬಲ್ಲವರಿಲ್ಲ. ವರ್ಷದ ಎಲ್ಲ ಖರೀದಿಯನ್ನೂ ಹಿಡಿಯಲು ಹೋಗಬೇಡಿ, ನಿಮ್ಮೂರಿನ ಒಂದು ಖರೀದಿ ಸಾಕು. ಬಂದ ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನ ಉತ್ತರ ಪುಸ್ತಕದಲ್ಲಿ ಬರೆಯದ ಫ್ಯಾಟ್ ಇದ್ದ ಹಾಗೆ.

ನಮ್ಮೂರಿನ ಮೋರಿ ಏನಾಯಿತು ಎಂದು ಕೇಳುತ್ತೀರಿ. ಕಡತ ಹಿಡಿದು ಗ್ರಾಮ ಸಭೆಯಲ್ಲಿ ಕೇಳಿದೆವು. ಮರುವರ್ಷ ಮೂರಡಿ ಪೈಪಿನ ಮೋರಿ ಆಯಿತು. ಈ ಸಲ ಲಾರಿಯಿಂದ ಇಳಿಯುವಾಗಲೇ ಟೇಪು ಹಿಡಿದೆವು, ಟೇಪಿನ ಇನ್ನೊಂದು ತುದಿ ಹಿಡಿದವರು ಆ ಅಕ್ಕನೇ. ಹಿಂದಿನ ಹಣ ಪೂರ್ತಿ ವಸೂಲಾಗಲಿಲ್ಲ. ಹನ್ನೊಂದು ದಿನದ ಹಾಲಿನ ಹಣವಂತೂ ಯಾರಿಗೂ ಬರಲಿಲ್ಲ. ನಾಟಿ ಬಿಟ್ಟು ಒಂದು ದಿನ ಜಮಾಬಂದಿಗೆ ಹೋಗಿದ್ದರೆ ಅದು ಉಳಿಯುತ್ತಿತ್ತು. ಆ ಒಂದು ದಿನದ ಬೆಲೆ ಏನೆಂದು ನನಗೆ ತಡವಾಗಿ ಗೊತ್ತಾಯಿತು. ನಿಮಗೆ ಬೇಗ ಗೊತ್ತಾಗಲಿ ಎಂದೇ ಇಷ್ಟು ಹೇಳಿದೆ.

ಸಂಘದ ಕಾರ್ಯದರ್ಶಿಗಳಲ್ಲಿ ನನ್ನದೊಂದು ವಿನಂತಿ. ಜಮಾಬಂದಿಯ ದಿನಾಂಕ ಗೊತ್ತಾದ ಕೂಡಲೇ ಡೈರಿಯ ಹಲಗೆಯ ಮೇಲೆ, ಹಾಲಿನ ದರದ ಪಕ್ಕದಲ್ಲೇ, ಸೀಮೆಸುಣ್ಣದಲ್ಲಿ ಬರೆಯಿರಿ. ಬೆಳಗ್ಗೆ ಸಂಜೆ ಎಲ್ಲರ ಕಣ್ಣೂ ಬೀಳುವ ಜಾಗ ಅದು. ಸದಸ್ಯರಲ್ಲಿ ವಿನಂತಿ ಇಷ್ಟೇ. ಆ ದಿನ ಹಾಲು ಹಾಕಿ, ಕ್ಯಾನ್ ಮನೆಗೆ ಕಳಿಸಿ, ನೇರವಾಗಿ ಪಂಚಾಯಿತಿ ಕಟ್ಟೆಗೆ ಬನ್ನಿ. ಜೇಬಿನಲ್ಲಿ ಒಂದು ಟೇಪು ಇರಲಿ.